ಗಾಜಿನ ಮೇಲಿನ ಮೂರು ಗೆರೆ

ಸೇಡು ಕೆಟ್ಟದ್ದು ಎಂದು ಹೇಳುವವರು ಬಹಳ ಮಂದಿ. ಅವರು ಉಣ್ಣುವ ತಾಟನ್ನು ಯಾರೂ ಕಸಿದುಕೊಂಡಿರುವುದಿಲ್ಲ, ಅದಕ್ಕೇ ಹಾಗೆ ಹೇಳುತ್ತಾರೆ. ಮಹಾನಂದಾ ಮಾತ್ರ ಏಳು ತಿಂಗಳು ಸೇಡನ್ನು ಹೊಟ್ಟೆಯಲ್ಲಿಟ್ಟುಕೊಂಡು, ಒಂಬತ್ತೂವರೆಗೆ ಕಾಲೇಜಿಗೆ ಹೋಗಿ ಐದಕ್ಕೆ ಮನೆಗೆ ಬಂದು, ಎದುರಿಗೆ ಸಿಕ್ಕವರಿಗೆಲ್ಲ ನಮಸ್ಕಾರ ಹೇಳಿಕೊಂಡು ಇದ್ದಳು. ಅದೇನು ಸಣ್ಣ ಕೆಲಸವೇ?

ಕಾಲೇಜು ಕಲಘಟಗಿ ತಾಲೂಕಿನದು. ಹೆಸರು ಬೇಡ, ಹೆಸರು ಹೇಳಿ ನಾವೇಕೆ ಬೈಸಿಕೊಳ್ಳಬೇಕು. ಅಲ್ಲಿ ಮಹಾನಂದಾ ಒಂಬತ್ತು ವರ್ಷದಿಂದ ಕನ್ನಡದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷ ಇದ್ದವರನ್ನು ಅತಿಥಿ ಎಂದು ಕರೆಯುವುದು ಸರ್ಕಾರಕ್ಕೆ ಮಾತ್ರ ಸಾಧ್ಯ. ಮೂರು ವರ್ಷದ ಹಿಂದೆ ಕಾಲೇಜಿಗೆ ಒಂದು ಒಳ್ಳೆಯ ಸ್ಕ್ಯಾನರು, ಅದರ ಜೊತೆ ಚಿತ್ರ ತಿದ್ದುವ ಸಾಫ್ಟ್‌ವೇರು ಬಂದಿದ್ದವು. ಯಾರಿಗೂ ಅವುಗಳ ಗೊಡವೆ ಬೇಕಿರಲಿಲ್ಲ. ಪೆಟ್ಟಿಗೆ ಒಡೆಯದೆ ಅದರ ಮೇಲೆ ಕುಡಿಯುವ ನೀರಿನ ಕ್ಯಾನು ಇಟ್ಟಿದ್ದರು. ಕ್ಯಾನು ಇಳಿಸಿ, ಪೆಟ್ಟಿಗೆ ಒಡೆದು, ಮೊಬೈಲಿನಲ್ಲಿ ನೋಡಿ ನೋಡಿ ಎಲ್ಲವನ್ನೂ ಕಲಿತವಳು ಮಹಾನಂದಾ. ಸೊಟ್ಟಗೆ ಬಂದ ಪುಟವನ್ನು ನೆಟ್ಟಗೆ ಮಾಡುವುದು, ಕಲೆ ತೆಗೆಯುವುದು, ಮಾಸಿದ ಮಸಿ ಎದ್ದು ಕಾಣುವಂತೆ ಮಾಡುವುದು ಎಲ್ಲ ಅವಳ ಕೈಗೆ ಬಂತು. ಆಮೇಲೆ ನೋಡಬೇಕಿತ್ತು: ಹಳೆಯ ಪ್ರಶ್ನೆಪತ್ರಿಕೆ, ಹೊಲದ ಪಹಣಿ-ಉತಾರ, ಮದುವೆಯ ಫೋಟೋ, ಮಗನ ಮಾರ್ಕ್ಸ್ ಕಾರ್ಡು ಹಿಡಿದು ಇಡೀ ಸ್ಟಾಫ್ ರೂಮು ಅವಳ ಮುಂದೆ ಸಾಲುಗಟ್ಟಿತು.

ಅವಳ ಮನಸ್ಸು ಮಾತ್ರ ಹತ್ತಿರದ ತಂಬೂರ ಎಂಬ ಹಳ್ಳಿಯ ಒಂದು ಪುಸ್ತಕದ ಮೇಲಿತ್ತು.

ತಂಬೂರದಲ್ಲಿ ಸಾವಿತ್ರೆವ್ವ ಎಂಬ ಮುದುಕಿ. ಮನೆ ತುಂಬ ಮಕ್ಕಳು, ಸೊಸೆಯಂದಿರು, ಕಟ್ಟಿದ ಎಮ್ಮೆಗಳು, ಗಲಾಟೆಗೇನೂ ಕಡಿಮೆಯಿಲ್ಲ. ಆಕೆಯ ಅತ್ತೆ ಬಸಲಿಂಗವ್ವ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಆ ಬಸಲಿಂಗವ್ವ ಮೂವತ್ತು ದಾಟಿದ ಮೇಲೆ ಮಗ ಬರೆಯುವ ಪಾಟಿಯ ಬಾಜು ಕುಳಿತು ಅಕ್ಷರ ಕಲಿತವಳು. ಕಲಿತ ಮೇಲೆ ಸುತ್ತಲಿನ ಊರಿನ ಹೆಂಗಸರು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡಿದ್ದನ್ನೆಲ್ಲ ನಲವತ್ತು ವರ್ಷ ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ನೂರಾ ನಲವತ್ತೆರಡು ಪುಟ, ಒತ್ತಕ್ಷರವೂ ತಪ್ಪಿಲ್ಲ. ತನ್ನ ಹೆಸರನ್ನು ಮಾತ್ರ ಒಂದು ಕಡೆಗೂ ಬರೆದುಕೊಂಡಿರಲಿಲ್ಲ. ಹೆಂಗಸು ತನ್ನ ಹೆಸರನ್ನು ತಾನೇ ಬರೆದುಕೊಳ್ಳುವುದುಂಟೇ ಎಂಬ ಕಾಲ ಅದು. ಪುಸ್ತಕ ದೇವರ ಜಗಲಿಯ ಮೇಲೆ ಇರುತ್ತಿತ್ತು, ಸೋಮವಾರಕ್ಕೊಮ್ಮೆ ಅದಕ್ಕೂ ಪೂಜೆ.

ಸ್ಕ್ಯಾನ್ ಮಾಡಲು ಕೊಡಿರಿ ಎಂದು ಕೇಳಿದಾಗ ಸಾವಿತ್ರೆವ್ವ ಎರಡು ಕರಾರು ಹಾಕಿದರು. ಪುಸ್ತಕ ಒಂಟಿಯಾಗಿ ಹೊಸ್ತಿಲು ದಾಟಬಾರದು. ಅಚ್ಚಾದಾಗ ಮೊದಲನೆಯ ಪುಟದಲ್ಲಿ ಅತ್ತೆಯ ಹೆಸರು ಇರಬೇಕು.

"ಸಕ್ಕರಿ ರೋಗ ಕಣ್ಣಿಗೆ ಬಂದೈತಿ ತಂಗಿ," ಎಂದರು. "ಹುಬ್ಬಳ್ಳಿ ಡಾಕ್ಟರ ಇನ್ನ ಭಾಳ ದಿನ ಇಲ್ಲ ಅಂದಾರ. ಕಣ್ಣಾಗ ಬೆಳಕ ಇರೂದ್ರಾಗ ನಮ್ಮತ್ತಿ ಹೆಸರ ಅಚ್ಚಿನ್ಯಾಗ ನೋಡಬೇಕು. ಮತ್ತೇನೂ ಬ್ಯಾಡ ನನಗ."

ಮಹಾನಂದಾ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಳು. ದೀಪಾವಳಿಯ ರಜೆಯಲ್ಲಿ ಕಾಲೇಜಿನ ಜವಾನ ಬಾಷಾಸಾಬನ ಮೋಟಾರ್ ಸೈಕಲ್ಲಿನ ಹಿಂದೆ ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಮೂರು ದಿನ ತಂಬೂರಕ್ಕೆ ಓಡಾಡಿದಳು. ಮೊದಲ ದಿನ ಯಂತ್ರ ಶುರು ಮಾಡುವ ಹೊತ್ತಿಗೆ ಸಾವಿತ್ರೆವ್ವ ತಡೆದರು. ಪೂಜೆಯ ಪುಸ್ತಕ, ಅದನ್ನು ಮುಟ್ಟುವ ಯಂತ್ರಕ್ಕೂ ವಿಭೂತಿ ಬೇಡವೇ? ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಸ್ಕ್ಯಾನರಿನ ಗಾಜಿನ ಮೇಲೆ, ಪುಟದ ಮೇಲಂಚು ಬರುವ ಜಾಗದಲ್ಲಿ, ಮೂರು ಬೆರಳು ಎಳೆದೇಬಿಟ್ಟರು. ಎಮ್ಮೆಗೆ ಹಾಕುವ ಕಣಿಕಿ ಕತ್ತರಿಸುವ ಮಷೀನಿನಲ್ಲಿ ಆಕೆಯ ನಡುಬೆರಳಿನ ತುದಿ ಎಂದೋ ಹೋಗಿತ್ತು. ಹಾಗಾಗಿ ಮೇಲಿನ ಗೆರೆ ಉದ್ದ, ಕೆಳಗಿನದು ಉದ್ದ, ನಡುವಿನದು ಅರ್ಧಕ್ಕೇ ನಿಂತಿತು. ಕೆಲಸ ಮುಗಿಯುವವರೆಗೆ ಒರೆಸಬಾರದು ಎಂದು ಅಪ್ಪಣೆಯೂ ಆಯಿತು. ಮರುದಿನ, ಅದರ ಮರುದಿನವೂ ಹೊಸ ವಿಭೂತಿ. ಒಂದು ದಿನ ದಪ್ಪ, ಒಂದು ದಿನ ತೆಳು, ಒಂದು ದಿನ ನಡುತರ.

ಮಹಾನಂದಾ ವಾದಕ್ಕೆ ಇಳಿಯಲಿಲ್ಲ. ಮುದುಕಿಯ ಮನಸ್ಸು ನೋಯಿಸುವುದಕ್ಕಿಂತ ಆಮೇಲೆ ಕಂಪ್ಯೂಟರಿನಲ್ಲಿ ಗೆರೆ ಅಳಿಸುವುದು ಸುಲಭ. ಯಂತ್ರದಿಂದ ಬಂದ ಚಿತ್ರಗಳನ್ನು ಬಂದ ಹಾಗೇ ಕಾಲೇಜಿನ ಕಂಪ್ಯೂಟರಿನಲ್ಲಿ ಹಾಕಿಟ್ಟಳು. ಮೊದಲ ಪ್ರತಿಯನ್ನು ಮುಟ್ಟಬಾರದು ಎಂಬುದು ಆ ಕೆಲಸದ ನೇಮ. ಇನ್ನೊಂದು ಪ್ರತಿಯನ್ನು ತನ್ನ ಲ್ಯಾಪ್‌ಟಾಪಿಗೆ ತಂದು, ದಿನಕ್ಕೆ ಐದಾರು ಪುಟದಂತೆ ಗೆರೆ ಅಳಿಸಿ ಚೊಕ್ಕ ಮಾಡತೊಡಗಿದಳು.

ಅವಳು ಅರವತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಕಾಶಿನಾಥ ಸರ್ ಕೆಲಸ ಮುಗಿಸಿಬಿಟ್ಟಿದ್ದರು.

ಕಾಶಿನಾಥ ಸರ್ ಅಂದರೆ ಕನ್ನಡ ವಿಭಾಗದ ಮುಖ್ಯಸ್ಥರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶರಣರು, ಮಾತಿಗೆ ನಿಂತರೆ ಮೈಕು ಬೇಡ. ಕಾಲೇಜಿನ ಕಂಪ್ಯೂಟರಿನ ಪಾಸ್‌ವರ್ಡು ಅವರಿಗೂ ಗೊತ್ತಿತ್ತು. ಡಿಸೆಂಬರದ ಮೊದಲ ವಾರ ನೋಟಿಸ್ ಬೋರ್ಡಿನಲ್ಲಿ ಪೇಪರಿನ ಒಂದು ತುಣುಕು ಅಂಟಿತ್ತು. ಕಾಶಿನಾಥ ಸರ್ ಅಪೂರ್ವ ಹಸ್ತಪ್ರತಿಯೊಂದನ್ನು ಪತ್ತೆ ಮಾಡಿದ್ದಾರೆ, ಪ್ರತಿ ಪುಟದ ಮೇಲೂ ಮೂರು ಗೆರೆಯ ಗುಪ್ತ ಚಿಹ್ನೆಯಿದೆ, ಇದು ಯಾರೋ ಅಜ್ಞಾತ ಶಿವಯೋಗಿಯ ಕೃತಿ ಎಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದ್ದಾರೆ. ಉಂಡೂ ಹೋದ ಕೊಂಡೂ ಹೋದ ಅಂತಾರಲ್ಲ, ಹಾಗೆ.

ಮಹಾನಂದಾ ಅದನ್ನು ಓದಿ ಮೊದಲು ಕೆಂಡವಾದಳು, ಆಮೇಲೆ ಆ ಮೂರು ಗೆರೆಯ ಮಾತಿಗೆ ನಗು ಬಂತು. ಪಾಪ, ದೊಡ್ಡ ಮನುಷ್ಯ, ನಾಲ್ಕು ಮಂದಿಯಲ್ಲಿ ನಗೆಪಾಟಲಾಗಬಾರದು, ಹೇಳಿಬಿಡೋಣ ಎಂದುಕೊಂಡೇ ಅವರ ಕೋಣೆಗೆ ಹೋದಳು. ಹೌದು, ಹೇಳುವ ಮನಸ್ಸಿನಿಂದಲೇ ಹೋದಳು, ಇದನ್ನು ನೆನಪಿಡಬೇಕು. ಆದರೆ ಮೊದಲು ಹೆಸರಿನ ಮಾತು ತೆಗೆದಳು. ಪುಸ್ತಕ ತಂಬೂರದ ಬಸಲಿಂಗವ್ವ ಬರೆದದ್ದು, ಸ್ಕ್ಯಾನ್ ಮಾಡಿದವಳು ನಾನು, ಎರಡೂ ಹೆಸರು ಯಾಕಿಲ್ಲ ಎಂದು ಕೇಳಿದಳು.

ಕಾಶಿನಾಥ ಸರ್ ಕುರ್ಚಿಗೆ ಒರಗಿದರು. "ಝೆರಾಕ್ಸ್ ಅಂಗಡಿಯಾಂವ ಪುಸ್ತಕದ ಮ್ಯಾಲ ತನ್ನ ಹೆಸರ ಹಾಕ್ರಿ ಅಂತಾನೇನವಾ? ನೀ ಮಾಡಿದ್ದೂ ಅದ ಕೆಲಸ. ಇನ್ನ ಆ ಮುದುಕಿ ಹೆಸರ ಹಾಕಿದ್ರ ಯಾರ ಓದತಾರ? ಬೀಸೂ ಹೆಂಗಸಿನ ಪದಾ ಅಂತ ರದ್ದಿಗೆ ಒಗೀತಾರ."

ಮೂರು ಗೆರೆಯ ಗುಟ್ಟು ಹೇಳಲು ಬಂದಿದ್ದ ಮಹಾನಂದಾ ಅದನ್ನು ಒಳಗೇ ಇಟ್ಟುಕೊಂಡಳು. ಅಷ್ಟರಲ್ಲಿ ಅವರೇ, ಪುಸ್ತಕದ ಮುಖಪುಟಕ್ಕೆ ಆ ಮೂರು ಗೆರೆ ಬೇಕು, ಮಸುಕಾಗಿವೆ, ನಿನ್ನ ಸಾಫ್ಟ್‌ವೇರಿನಲ್ಲಿ ಎದ್ದು ಕಾಣುವ ಹಾಗೆ ಮಾಡಿಕೊಡು, ಅದಕ್ಕೇನು ಹೆಸರು ಬೇಡವಲ್ಲ ಎಂದು ನಕ್ಕರು. ಆ ನಗುವಿನಿಂದಲೇ ಅವರು ಕೆಟ್ಟರು.

"ಮಾಡಿ ಕೊಡತೀನ್ರಿ ಸರ್," ಎಂದಳು ಮಹಾನಂದಾ.

ಮಾಡಿಯೂ ಕೊಟ್ಟಳು. ಹಿಂದಿನ ಪುಟವನ್ನು ಕಂದು ಮಾಡಿ, ಗೆರೆಗಳನ್ನು ಹಾಲಿನಷ್ಟು ಬೆಳ್ಳಗೆ ಎಬ್ಬಿಸಿ, ನಡುಗೆರೆ ಅರ್ಧಕ್ಕೆ ನಿಂತ ಜಾಗ ಇನ್ನೂ ಚೂಪಾಗಿ ಕಾಣುವಂತೆ ತಿದ್ದಿದಳು. ಒಂಬತ್ತು ವರ್ಷದಲ್ಲಿ ಅಷ್ಟು ಪ್ರೀತಿಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ. ಅವತ್ತೇ ತೀರ್ಮಾನ ಆಯಿತು: ಈ ಮನುಷ್ಯನನ್ನು ಈಗ ತಡೆಯಬಾರದು. ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತಲಿ, ಬೇಕಾದರೆ ನಾನೇ ಏಣಿ ಹಿಡಿಯುತ್ತೇನೆ. ಬಿದ್ದರೆ ಸದ್ದು ತಾಲೂಕಿಗೆಲ್ಲ ಕೇಳಬೇಕು.

ಹತ್ತಿದರು, ಏನು ಹತ್ತಿದರು! ಫೆಬ್ರುವರಿಯಲ್ಲಿ ಪುಸ್ತಕ ಬಂತು. ಮುಖಪುಟದ ಮೇಲೆ ಸಾವಿತ್ರೆವ್ವನ ಮೂರು ಬೆರಳು, ಕೆಳಗೆ ಕಾಶಿನಾಥರ ಹೆಸರು. ಅರ್ಧಕ್ಕೆ ನಿಂತ ನಡುಗೆರೆ ಅಂದರೆ ಮನಸ್ಸು ಬಯಲಲ್ಲಿ ಕರಗಿದ ಗುರುತು ಎಂದು ಹದಿನೆಂಟು ಪುಟ ಬರೆದಿದ್ದರು. ಗೆರೆ ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು, ಕೆಲವು ಕಡೆ ನಡುತರ ಇರುವುದರಿಂದ ಶಿವಯೋಗಿಗೆ ಮೂವರು ಶಿಷ್ಯರಿದ್ದರಂತೆ. ಬಸಲಿಂಗವ್ವ ಬರೆದಿಟ್ಟ ಪದ ಒಂದಿತ್ತು:

ಕಲ್ಲವ್ವ ನಿನ ಬಾಯಿಗೆ ಹಿಡಿಜ್ವಾಳ ಹಾಕೇನಿ
ಹೇಳಬ್ಯಾಡ ಯಾರ ಮುಂದ ನಾ ಅತ್ತದ್ದು

ಬೀಸುವ ಸೊಸೆ ತನ್ನ ಅಳುವನ್ನು ಬೀಸುಕಲ್ಲಿನ ಹತ್ತಿರ ಮುಚ್ಚಿಡುವ ಪದ, ಹುಟ್ಟಿದ ಕೂಸಿಗೂ ತಿಳಿಯುವಂಥದ್ದು. ಕಾಶಿನಾಥ ಸರ್ ಪ್ರಕಾರ ಅದು ಯೋಗಿಯ ಜೀವಾತ್ಮದ ಅಳು, ಕಲ್ಲು ಅಂದರೆ ಭವ. ಮುನ್ನುಡಿಯಲ್ಲಿ ಮತ್ತೊಂದು ಮಾತಿತ್ತು: ಮೂಲ ಪ್ರತಿಯನ್ನು ಸ್ವತಃ ಕೈಯಲ್ಲಿ ಹಿಡಿದು ಪರಿಶೀಲಿಸಿದ್ದೇನೆ. ತಂಬೂರ ಎಷ್ಟು ದೂರ? ಅರ್ಧ ತಾಸಿನ ಹಾದಿ. ಅಷ್ಟೂ ಅವರಿಂದ ಆಗಿರಲಿಲ್ಲ. ಆ ಸಾಲಿನ ಕೆಳಗೆ ಮಹಾನಂದಾ ಕೆಂಪು ಪೆನ್ನಿನಿಂದ ಗೆರೆ ಎಳೆದು ಪುಸ್ತಕವನ್ನು ಕಪಾಟಿನಲ್ಲಿಟ್ಟಳು.

ಈ ತಿಂಗಳುಗಳಲ್ಲಿ ಅವಳು ತಂಬೂರಕ್ಕೆ ಒಮ್ಮೆಯೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಸೇಡು ತೀರಲಿ, ಹೆಸರು ದಕ್ಕಲಿ, ಆಮೇಲೆ ತಲೆ ಎತ್ತಿಕೊಂಡು ಹೋಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ತನ್ನ ಲ್ಯಾಪ್‌ಟಾಪಿನಲ್ಲಿ ಉಳಿದ ಪುಟಗಳನ್ನು ಚೊಕ್ಕ ಮಾಡುವುದೂ ನಿಂತೇಹೋಯಿತು. ಮನಸ್ಸೆಲ್ಲ ಕಾಶಿನಾಥರ ಮೇಲಿತ್ತು.

ಜೂನ್ ಕೊನೆಗೆ ಅವಕಾಶ ತಾನಾಗಿ ನಡೆದು ಬಂತು. ಸುತ್ತಲಿನ ಕಾಲೇಜುಗಳ ಅಧ್ಯಾಪಕರಿಗೆ ಸ್ಕ್ಯಾನಿಂಗು, ಚಿತ್ರ ತಿದ್ದುವುದು, ಪಾಠಕ್ಕೆ ಡಿಜಿಟಲ್ ಸಾಮಗ್ರಿ ಮಾಡುವುದನ್ನು ಕಲಿಸುವ ಒಂದು ದಿನದ ಕಾರ್ಯಾಗಾರ ಇವರ ಕಾಲೇಜಿನಲ್ಲೇ ಇಟ್ಟುಕೊಂಡರು. ಮುಖ್ಯ ಭಾಷಣ ಕಾಶಿನಾಥ ಸರ್. ಯಂತ್ರ ನಡೆಸಿ ತೋರಿಸುವವಳು ಮಹಾನಂದಾ. ಅವಳು ಹಿಂದಿನ ದಿನವೇ ಹಾಜರಿಯ ಹಾಳೆಯನ್ನು ಗುಲಾಬಿ ಬಣ್ಣದ ಕಾಗದದ ಮೇಲೆ ಪ್ರಿಂಟ್ ತೆಗೆದಳು, ಬಿಳಿಯ ಮೇಲೆ ವಿಭೂತಿ ಕಾಣುವುದಿಲ್ಲವಲ್ಲ. ಬಾಷಾಸಾಬನನ್ನು ತಂಬೂರಕ್ಕೆ ಕಳಿಸಿ, ನಿಮ್ಮ ಅತ್ತೆಯ ಪುಸ್ತಕವನ್ನು ಕಾಲೇಜಿನಲ್ಲಿ ತೋರಿಸುತ್ತಾರೆ, ಪುಸ್ತಕ ತೆಗೆದುಕೊಂಡು ನೀವೇ ಬರಬೇಕು ಎಂದು ಸಾವಿತ್ರೆವ್ವನಿಗೆ ಹೇಳಿಸಿದಳು. ಒಳಗಿನ ಹಕೀಕತ್ತು ಹೇಳಿಸಲಿಲ್ಲ.

ಸಾವಿತ್ರೆವ್ವ ಮಗನ ಕೈ ಹಿಡಿದು ಬಂದರು. ಇಳಕಲ್ ಸೀರೆ, ಮಡಿಲಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕ. ಮೊದಲನೆಯ ಸಾಲಿನಲ್ಲಿ ಕೂಡಿಸಿದರು. ಮಹಾನಂದಾ ದೂರದಿಂದ ನಮಸ್ಕಾರ ಮಾಡಿದಳು. ಮುದುಕಿ ಇತ್ತ ನೋಡಲಿಲ್ಲ. ಸಿಟ್ಟಿರಬೇಕು ಎಂದುಕೊಂಡು ತಂತಿ ಜೋಡಿಸುವುದರಲ್ಲಿ ತೊಡಗಿದಳು.

ಕಾಶಿನಾಥ ಸರ್ ಮುಕ್ಕಾಲು ತಾಸು ಮಾತಾಡಿದರು. ಯಂತ್ರ ಯಾರು ಬೇಕಾದರೂ ನಡೆಸಬಹುದು, ಹಸ್ತಪ್ರತಿ ಓದುವ ಕಣ್ಣು ಬೇಕು, ಆ ಕಣ್ಣು ಸಾಧನೆಯಿಂದ ಬರುತ್ತದೆ ಎಂದು ಗೋಡೆಯ ಮೇಲೆ ತಮ್ಮ ಮುಖಪುಟವನ್ನು ಆಳೆತ್ತರ ತೋರಿಸಿದರು. ಅರವತ್ತು ಜನ ಅಧ್ಯಾಪಕರು ಚಪ್ಪಾಳೆ ಹೊಡೆದರು. ಆಮೇಲೆ ಮಹಾನಂದಾ ಎದ್ದು, ಯಂತ್ರ ಶುರು ಮಾಡುವ ಮುಂಚೆ ಹಿರಿಯರೊಬ್ಬರು ಗಾಜಿಗೆ ವಿಭೂತಿ ಹಚ್ಚಲಿ, ತಂಬೂರದಲ್ಲಿ ಹೀಗೇ ಮಾಡಿದ್ದೆವು ಎಂದು ವಿನಯದಿಂದ ಕೇಳಿಕೊಂಡಳು. ತಂಬೂರ ಎಂದದ್ದು ಕಾಶಿನಾಥರ ಕಿವಿಗೆ ಬೀಳಲೇ ಇಲ್ಲ. ಅವರಿಗೆ ಖುಷಿಯೋ ಖುಷಿ. ಅದೇ ನಮ್ಮ ಸಂಸ್ಕೃತಿ, ಬನ್ನಿ ತಾಯಿ ಎಂದು ತಾವೇ ಕೈ ಮಾಡಿ ಕರೆದರು.

ಮಗ ಕೈ ಹಿಡಿದು ಯಂತ್ರದ ಹತ್ತಿರ ತಂದ. ಸಾವಿತ್ರೆವ್ವ ಗಾಜನ್ನು ತಡವಿ ನೋಡಿ, ಮೂರು ಬೆರಳನ್ನು ವಿಭೂತಿ ತೇಯ್ದಿಟ್ಟ ಬಟ್ಟಲಲ್ಲಿ ಅದ್ದಿ ಎಳೆದರು. ಒಣಗಲು ಎರಡು ನಿಮಿಷ ಬಿಟ್ಟು, ಮಹಾನಂದಾ ಅದರ ಮೇಲೆ ಅವತ್ತಿನ ಹಾಜರಿ ಹಾಳೆ ಇಟ್ಟು ಮುಚ್ಚಿ ಗುಂಡಿ ಒತ್ತಿದಳು. ಬೆಳಕು ಸರಿದು ಹೋಯಿತು. ಗೋಡೆಯ ಮೇಲೆ ಅರವತ್ತು ಜನರ ಸಹಿ ಮೂಡಿತು, ಅದರ ನೆತ್ತಿಯ ಮೇಲೆ ಮೂರು ಬಿಳಿ ಗೆರೆ. ಮೇಲಿನದು ಉದ್ದ, ಕೆಳಗಿನದು ಉದ್ದ, ನಡುವಿನದು ಅರ್ಧಕ್ಕೆ ನಿಂತದ್ದು. ಪಕ್ಕದಲ್ಲೇ ಕಾಶಿನಾಥರ ಮುಖಪುಟವನ್ನೂ ತೆರೆದಿಟ್ಟಳು.

ಹಿಂದಿನ ಸಾಲಿನಿಂದ ಯಾರೋ, ನಮ್ಮ ಹಾಜರಿಯನ್ನೂ ಶಿವಯೋಗಿಯೇ ತೆಗೆದುಕೊಂಡನೇನು ಎಂದರು. ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಸಭಾಂಗಣ ನಗತೊಡಗಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಾಶಿನಾಥ ಸರ್ ಯಂತ್ರದ ದೋಷ ಎಂದು ಏನೋ ಹೇಳಲು ಹೋದರು. ಮಹಾನಂದಾ ಆ ಬಿಳಿ ಬಟ್ಟೆ ಬಿಚ್ಚಿ, ಬಸಲಿಂಗವ್ವನ ಪುಸ್ತಕವನ್ನು ಅವರ ಮುಂದೆಯೇ ತೆರೆದು ಹಿಡಿದಳು. ಮೇಲಂಚು ಖಾಲಿ. ಯಾವ ಪುಟದಲ್ಲೂ ಗೆರೆಯ ಸುಳಿವಿಲ್ಲ.

"ಕೈಯಾಗ ಹಿಡದ ನೋಡೀನಿ ಅಂತ ಬರದೀರಲ್ರಿ ಸರ್," ಎಂದಳು. "ಈಗರ ಹಿಡೀರಿ."

ಏಳು ತಿಂಗಳು ಕಾದ ಸುಖ ಅಷ್ಟೂ ಆ ಒಂದು ಮಾತಿನಲ್ಲಿ ಅವಳಿಗೆ ಸಿಕ್ಕಿತು. ಸುಳ್ಳು ಯಾಕೆ ಹೇಳಬೇಕು, ಬಹಳ ರುಚಿಯಾಗಿತ್ತು. ಕಾಶಿನಾಥರ ಹಣೆಯ ಮೇಲೆ ಬೆವರು ಹರಿದು ವಿಭೂತಿ ಹುಬ್ಬಿಗೆ ಇಳಿದಿತ್ತು.

ಆಗ ಸಾವಿತ್ರೆವ್ವ ಮಗನನ್ನು ಏನಾಯಿತೆಂದು ಕೇಳಿದರು. ಮಗ ಕಿವಿಯಲ್ಲಿ ಹೇಳಿದ. ಮುದುಕಿ ಕಾಶಿನಾಥರ ದನಿ ಬಂದ ಕಡೆ ಮುಖ ತಿರುಗಿಸಿ, ವಿಭೂತಿ ಹತ್ತಿದ ಮೊಂಡು ಬೆರಳಿನ ಕೈಯನ್ನು ಮುಂದೆ ಚಾಚಿದರು.

"ನನ್ನ ಬೆರಳ ಪುಸ್ತಕದ ಮ್ಯಾಲ ಹಾಕೀರಂತ, ಆಗಲಿ. ನನಗ ಈಗ ಅಕ್ಷರ ಕಾಣಂಗಿಲ್ರಿ. ನೀವ ಓದಿ ಹೇಳ್ರಿ. ನಮ್ಮತ್ತಿ ಹೆಸರ ಯಾವ ಪುಟದಾಗ ಐತಿ?"

ಕಾಶಿನಾಥ ಸರ್ ತಮ್ಮ ಅಚ್ಚಿನ ಪುಸ್ತಕ ಕೈಗೆತ್ತಿಕೊಂಡು ಒಂದೆರಡು ಹಾಳೆ ತಿರುವಿದರು, ಇಲ್ಲದ್ದನ್ನು ಹುಡುಕುವವರ ಹಾಗೆ. ಯಾರೂ ನಗಲಿಲ್ಲ. ಕೊನೆಗೆ ಪುಸ್ತಕವನ್ನು ಮೇಜಿನ ಮೇಲಿಟ್ಟು, ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಪ್ರಿನ್ಸಿಪಾಲರು ಅಲ್ಲೇ ನಿಂತು, ಆ ಪುಸ್ತಕ ವಾಪಸ್ಸು ತೆಗೆದುಕೊಳ್ಳುತ್ತೇವೆ, ಸರಿಯಾದ ಹೆಸರು ಹಾಕಿ ಹೊಸದನ್ನು ಕಾಲೇಜೇ ಅಚ್ಚು ಮಾಡಿಸುತ್ತದೆ ಎಂದು ಎಲ್ಲರ ಮುಂದೆ ಹೇಳಿದರು. ಚಪ್ಪಾಳೆಯೂ ಬಿತ್ತು. ಮಹಾನಂದಾಳಿಗೆ ಒಂದೂ ಕೇಳಿಸಲಿಲ್ಲ. ಕಾಣಂಗಿಲ್ಲ ಎಂಬ ಮಾತು ಅವಳ ಎದೆಯಲ್ಲಿ ನಟ್ಟಿತ್ತು.

ಊಟದ ಹೊತ್ತಿಗೆ ಸ್ಕ್ಯಾನರಿನ ಕೋಣೆಯಲ್ಲಿ ಸಾವಿತ್ರೆವ್ವನನ್ನು ಕೂಡಿಸಿ ಚಹಾ ತಂದುಕೊಟ್ಟಳು. ಮುದುಕಿಯ ಕೈ ಕಪ್ಪನ್ನು ದಾಟಿ ಮೇಜು ತಡವಿತು. ಮಹಾನಂದಾ ಕಪ್ಪನ್ನು ಅವರ ಕೈಗೆ ಹಿಡಿಸಿ, ಯಾವಾಗಿನಿಂದ ಹೀಗೆ ಎಂದು ಕೇಳಿದಳು. ಸಂಕ್ರಮಣದ ತನಕ ದೊಡ್ಡ ಅಕ್ಷರ ಕಾಣುತ್ತಿದ್ದವು, ಯುಗಾದಿಯ ಹೊತ್ತಿಗೆ ಮಕ್ಕಳ ಮುಖವೂ ಹೋಯಿತು ಎಂದರು. ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ಚಹಾ ಕುಡಿದು ಕಪ್ಪು ಇಟ್ಟ ಮೇಲೆ ಕೇಳಿದರು.

"ಅವ ತಪ್ಪ ಮಾಡ್ಯಾನಂತ ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. ಕಾಣದವರ ಮುಂದೆ ಸುಳ್ಳು ಹೇಳುವುದು ಎಷ್ಟರ ಕಷ್ಟ? ಆದರೆ ಮಹಾನಂದಾ ಹೇಳಲಿಲ್ಲ. "ಡಿಸೆಂಬರದಾಗ್ರಿ ಆಯಿ," ಎಂದಳು.

ಸಾವಿತ್ರೆವ್ವ ಬೆರಳು ಮಡಿಚಿ ತಿಂಗಳು ಎಣಿಸಿದರು. ಮೊಂಡು ಬೆರಳನ್ನೂ ಎಣಿಕೆಗೆ ಹಿಡಿದರು.

"ಅಂವಾ ನಮ್ಮತ್ತಿ ಹೆಸರ ಮುಚ್ಚಿಟ್ಟಾ. ಅಂವಾ ಹೊರಗಿನಾಂವ. ನೀನೂ ಮುಚ್ಚಿಟ್ಟಿ. ಆವಾಗ ಒಂದ ಮಾತ ಹೇಳಿದ್ದರ ನಾನ ಬಂದ ಕೇಳತಿದ್ನಲ್ಲವಾ."

ಮಹಾನಂದಾ ಅವರ ಕಾಲು ಹಿಡಿದುಕೊಂಡಳು. ಮುದುಕಿ ಬೈಯಲಿಲ್ಲ, ಏಳು ಎಂದೂ ಹೇಳಲಿಲ್ಲ. ಪುಸ್ತಕವನ್ನು ಬಟ್ಟೆಯಲ್ಲಿ ತಾವೇ ಸುತ್ತಿಕೊಂಡು ಮಗನನ್ನು ಕೂಗಿದರು.

ಕಾಶಿನಾಥ ಸರ್ ಮರುವಾರವೇ ಬೇರೆ ಊರಿಗೆ ವರ್ಗಾವಣೆ ಕೇಳಿದರು ಎಂದು ಸುದ್ದಿ. ಮಹಾನಂದಾ ಆ ಸುದ್ದಿ ಕೇಳಿ ಹಿಗ್ಗಲಿಲ್ಲ. ಹಾಗಂತ ಮರುಗಲೂ ಇಲ್ಲ, ಅವರ ಪಾಲಿಗೆ ಅದು ಸರಿಯಾಗೇ ಇತ್ತು. ಉಳಿದಿದ್ದ ಎಂಬತ್ತು ಚಿಲ್ಲರೆ ಪುಟಗಳ ಮೇಲಿನ ವಿಭೂತಿಯನ್ನು ಹದಿನೈದು ದಿನದಲ್ಲಿ ಅಳಿಸಿ ಮುಗಿಸಿದಳು. ಹದಿನೈದೇ ದಿನದ ಕೆಲಸ ಅದು.

ಶ್ರಾವಣದ ಎರಡನೆಯ ಸೋಮವಾರ ಹೊಸ ಪುಸ್ತಕ ಹಿಡಿದು ತಂಬೂರಕ್ಕೆ ಹೋದಳು. ಜಗಲಿಯ ಮುಂದೆ ಕುಳಿತಿದ್ದ ಸಾವಿತ್ರೆವ್ವ ಪುಸ್ತಕ ಇಸಿದುಕೊಂಡು ಮೂಸಿದರು, ರಟ್ಟು ಸವರಿದರು, ಮೊದಲನೆಯ ಪುಟ ತೆರೆ ಎಂದರು. ಮಹಾನಂದಾ ತೆರೆದಳು. ನಡುವಿಗೆ, ದೊಡ್ಡ ಅಕ್ಷರದಲ್ಲಿ, ಬರೆದವರು ಬಸಲಿಂಗವ್ವ, ತಂಬೂರ ಎಂದಿತ್ತು.

"ಎಲ್ಲಿ ಐತಿ?"

ಮಹಾನಂದಾ ಆ ಮೊಂಡು ಬೆರಳನ್ನು ಹಿಡಿದು ಹೆಸರಿನ ಮೇಲೆ ಇಟ್ಟಳು. ಮುದುಕಿ ಬೆರಳನ್ನು ಅತ್ತಿಂದಿತ್ತ ಆಡಿಸಿದರು. ಅಚ್ಚಿನ ಅಕ್ಷರ ಕೈಗೆ ಹತ್ತುವುದಿಲ್ಲ, ಖಾಲಿ ಕಾಗದವೂ ಹಾಗೇ ಇರುತ್ತದೆ.

"ಇಲ್ಲೇ ಐತ್ರಿ ಆಯಿ. ನಿಮ್ಮ ಬೆರಳಿನ ಕೆಳಗ."

"ನೀ ಅಂತಿ ಅಂದ ಮ್ಯಾಲ ಇರಬೇಕು ಬಿಡು," ಎಂದರು ಸಾವಿತ್ರೆವ್ವ.